ಚಿಕ್ಕ ವೆಲ್ಡಿಂಗ್ ಟೇಬಲ್: ಪ್ಲೇಟಾ, ಪಟ್ಟಿಯಾ?

ಟೇಬಲ್ ಮೇಲ್ಭಾಗಕ್ಕೆ ಒಂದೇ ದಪ್ಪ ಪ್ಲೇಟ್ ಹಾಕಲಾ, ಇಲ್ಲ ಪಟ್ಟಿಗಳನ್ನು ಸಾಲಾಗಿ ಜೋಡಿಸಲಾ ಅಂತ ಕೇಳಿದ್ದೀರಿ.

ಮೊದಲು ತೂಕ. 600 × 900 ಮಿ.ಮೀ. ಅಳತೆಯ 10 ಮಿ.ಮೀ. ಉಕ್ಕಿನ ಪ್ಲೇಟ್ ಒಂದೇ ಸುಮಾರು 42 ಕೆ.ಜಿ. ಬರುತ್ತದೆ, 6 ಮಿ.ಮೀ. ಆದರೆ 25. ಅದೇ ದಪ್ಪದ ಪಟ್ಟಿಗಳನ್ನು ಸಂದಿ ಬಿಟ್ಟು ಜೋಡಿಸಿದರೆ ಕಬ್ಬಿಣ ಕಡಿಮೆ ಸಾಕು, ಕೆಲಸ ಮುಗಿದ ಮೇಲೆ ಗೋಡೆ ಪಕ್ಕಕ್ಕೆ ತಳ್ಳೋದೂ ಸುಲಭ.

ಕ್ಲ್ಯಾಂಪ್ ಹಾಕೋಕೆ ಪಟ್ಟಿಯೇ ಅನುಕೂಲ. ಸಂದಿಯಲ್ಲಿ ಎಲ್ಲಿ ಬೇಕೋ ಅಲ್ಲಿ ತೂರಿಸಬಹುದು. ಪ್ಲೇಟಿನಲ್ಲಿ ಅಂಚಿಗೇ ಹಿಡಿಸಬೇಕು, ಇಲ್ಲ ಕೂತು ತೂತು ಕೊರೆಯಬೇಕು. ಆದರೆ ಪಟ್ಟಿ ಮೇಲಿಂದ ಸಣ್ಣ ನಟ್ಟು ಜಾರಿದರೆ ಸೀದಾ ನೆಲಕ್ಕೆ, ಆಮೇಲೆ ಟೇಬಲ್ ಕೆಳಗೆ ತಡಕಾಡಿ!

ಮಟ್ಟಸವಾಗಿರಬೇಕು ಅಂದ್ರೆ ಪ್ಲೇಟ್ ವಾಸಿ. ಪಟ್ಟಿಗಳನ್ನೆಲ್ಲ ಒಂದೇ ಎತ್ತರಕ್ಕೆ ತರೋದು ತಲೆನೋವು. ಹಾಗಂತ ಪ್ಲೇಟನ್ನು ಫ್ರೇಮಿಗೆ ಸುತ್ತಲೂ ವೆಲ್ಡ್ ಮಾಡಿದರೆ ಬಿಸಿಗೆ ಅದೂ ಸೊಟ್ಟಗಾಗುತ್ತದೆ. ನಾನು ಮೊದಲ ಸಲ ಮಾಡಿದ್ದು ಇದನ್ನೇ, ಸ್ಕೇಲ್ ಇಟ್ಟರೆ ಅಡಿಯಿಂದ ಬೆಳಕು ಕಾಣುತ್ತಿತ್ತು. ಬೋಲ್ಟ್ ಹಾಕಿ, ಇಲ್ಲ ಅಲ್ಲಲ್ಲಿ ಚಿಕ್ಕ ಟ್ಯಾಕ್ (ಚುಕ್ಕೆಯಷ್ಟೇ ವೆಲ್ಡ್) ಸಾಕು. ಪಟ್ಟಿಗಳನ್ನೂ ಬೋಲ್ಟಿನಲ್ಲೇ ಕೂರಿಸಿದರೆ ಹಾಳಾದ ಒಂದನ್ನು ಮಾತ್ರ ಬದಲಾಯಿಸಬಹುದು.

ಗೇಟು, ಗ್ರಿಲ್ಲು, ಸ್ಟ್ಯಾಂಡು ಮಾಡುವವರಿಗೆ ಪಟ್ಟಿ ಧಾರಾಳ. ಸಣ್ಣ ಭಾಗಗಳನ್ನು ಕರಾರುವಾಕ್ಕಾಗಿ ಕೂರಿಸುವ ಕೆಲಸವೇ ಜಾಸ್ತಿ ಇದ್ದರೆ ತೂಕ ಸಹಿಸಿಕೊಂಡು ಪ್ಲೇಟ್ ಹಾಕಿ. ಕಾಲಿಗೆ ಮಾತ್ರ ಸತುವಿನ ಲೇಪದ ಪೈಪ್ ಬೇಡ, ವೆಲ್ಡ್ ಮಾಡುವಾಗ ಏಳುವ ಹೊಗೆ ಕೆಟ್ಟದ್ದು.