ದಾನದ ಎಮ್ಮೆಯ ಹಲ್ಲು: ಪರ್ವತದ ಸ್ನೋಮೊಬೈಲ್, ಅದರ ಪ್ರಾಯೋಜಿತ ವಿಮರ್ಶಕರು ಮತ್ತು ನನ್ನ ನಾಲ್ಕು ಚಳಿಗಾಲ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಚೆನ್ನಾಗಿದೆ. ಕೊಳ್ಳುವ ಮುನ್ನ ನೋಡಿದ ವಿಮರ್ಶೆಗಳು ಹೇಳಿದ್ದು ಬಹುಪಾಲು ನಿಜವೇ ಆಗಿತ್ತು. ಆದರೆ ಈ ನಾಲ್ಕು ಚಳಿಗಾಲಗಳಲ್ಲಿ ನನ್ನ ಹಣ, ಸಮಯ ಮತ್ತು ಬೆನ್ನು ಎಲ್ಲಿ ಖರ್ಚಾದವೋ ಆ ವಿಷಯಗಳ ಬಗ್ಗೆ ಅವುಗಳಲ್ಲಿ ಒಂದು ಮಾತೂ ಇರಲಿಲ್ಲ. ಆದ್ದರಿಂದ ಇದು ಗಾಡಿಯ ವಿಮರ್ಶೆಗಿಂತ ಹೆಚ್ಚಾಗಿ ವಿಮರ್ಶೆಗಳ ವಿಮರ್ಶೆ.

ನಾನು ಇರುವುದು ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯಲ್ಲಿ. ಚಳಿಗಾಲದ ವಾರಾಂತ್ಯಗಳಲ್ಲಿ ಉತ್ತರಕ್ಕೆ, ಮೆಕಾಲ್ ಊರಿನ ಸುತ್ತಲಿನ ಬೆಟ್ಟಗಳಿಗೆ ಹೋಗುತ್ತೇನೆ. ನನ್ನದು 850 ಸಿಸಿ ಟೂ ಸ್ಟ್ರೋಕ್ ಎಂಜಿನ್, 165 ಇಂಚು ಉದ್ದದ ಟ್ರ್ಯಾಕ್ (ಚಕ್ರದ ಬದಲು ಸುತ್ತುವ ರಬ್ಬರ್ ಪಟ್ಟಿ), ಮೂರು ಇಂಚಿನ ರಬ್ಬರ್ ಹಲ್ಲುಗಳಿರುವ ಸ್ಲೆಡ್. ಸ್ನೋಮೊಬೈಲನ್ನು ಇಲ್ಲಿಯವರು ಕರೆಯುವುದು ಹಾಗೆ. ಟರ್ಬೊ ಇಲ್ಲ. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದ ಕೂಡಲೇ ಓದುಗರು ಕಂಪನಿಗಳ ಬಣ್ಣ ಹಿಡಿದು ಹಳದಿ ಪಕ್ಷ, ಹಸಿರು ಪಕ್ಷ ಎಂದು ಬೇರೆಯಾಗಿ ಜಗಳಕ್ಕೆ ನಿಲ್ಲುತ್ತಾರೆ. ನಾನು ಹೇಳಹೊರಟದ್ದು ಎಲ್ಲ ಕಂಪನಿಗಳಿಗೂ ಅನ್ವಯಿಸುತ್ತದೆ. ಗಾಡಿಗೆ ಪೂರ್ತಿ ಬೆಲೆ ಕೊಟ್ಟಿದ್ದೇನೆ. ಡೀಲರ್ ಒಂದು ಟೋಪಿ ಕೊಟ್ಟರು, ತಲೆಗೆ ಹಾಕುವ ಟೋಪಿ.

ಗುಲ್ಮಾರ್ಗ್ ಅಥವಾ ಮನಾಲಿಗೆ ಹೋದವರು ಬಾಡಿಗೆ ಸ್ನೋಮೊಬೈಲ್ ನೋಡಿರುತ್ತಾರೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತಾರೆ. ಪರ್ವತದ ಸ್ಲೆಡ್ ಬೇರೆಯೇ ಜಾತಿ. ಅದರಲ್ಲಿ ಕೂರುವುದು ಕಡಿಮೆ, ನಿಲ್ಲುವುದೇ ಹೆಚ್ಚು. ಎದೆಮಟ್ಟದ ಪುಡಿ ಹಿಮದಲ್ಲಿ, ಮರಗಳ ನಡುವೆ, ಇಳಿಜಾರಿಗೆ ಅಡ್ಡಲಾಗಿ, ಗಾಡಿಯನ್ನು ಒಂದೇ ಸ್ಕೀ ಮೇಲೆ ವಾಲಿಸಿ ಓಡಿಸಬೇಕು. ಕೈ ತಪ್ಪಿದರೆ ಅದು ಹೂತುಕೊಳ್ಳುತ್ತದೆ, ಆಮೇಲೆ ಸಲಿಕೆಯ ಕೆಲಸ. ಟರ್ಬೊ ಇಲ್ಲದ ಎಂಜಿನ್ ಎತ್ತರಕ್ಕೆ ಹೋದಷ್ಟೂ ಸೊರಗುತ್ತದೆ. ಸಾವಿರ ಅಡಿಗೆ ಶೇಕಡಾ 3ರ ಲೆಕ್ಕ ಹಿಡಿದರೆ 8 ಸಾವಿರ ಅಡಿಯಲ್ಲಿ ಶಕ್ತಿಯ ಸುಮಾರು ಕಾಲು ಭಾಗ ಇರುವುದಿಲ್ಲ. 2020ರ ಮಾದರಿಯಲ್ಲಿ ಸ್ಕಿ-ಡೂ ಕಂಪನಿ ಕಾರ್ಖಾನೆಯಿಂದಲೇ ಟರ್ಬೊ ಜೋಡಿಸಿದ ಟೂ ಸ್ಟ್ರೋಕ್ ಎಂಜಿನ್ ತಂದದ್ದು, ಆಮೇಲೆ ಉಳಿದವರೂ ಅದೇ ಹಾದಿ ಹಿಡಿದದ್ದು ಈ ಕೊರತೆಯನ್ನು ತುಂಬಲಿಕ್ಕೆ. ಟರ್ಬೊ ಇಲ್ಲದ ಹೊಸ 850ಕ್ಕೇ 15 ಸಾವಿರ ಡಾಲರ್ ಮೀರುತ್ತದೆ. ಇಷ್ಟು ಹಣ ಹಾಕುವವನು ಯಾರ ಮಾತು ನಂಬಬೇಕು?

ಇಲ್ಲಿಯ ವ್ಯಾಪಾರದ ಕ್ರಮ ವಿಚಿತ್ರವಾದದ್ದು. ಮುಂದಿನ ಚಳಿಗಾಲದ ಮಾದರಿಗಳನ್ನು ಕಂಪನಿಗಳು ಈ ಚಳಿಗಾಲ ಮುಗಿಯುವ ಮೊದಲೇ, ಫೆಬ್ರುವರಿ ಮಾರ್ಚ್ ಹೊತ್ತಿಗೆ ಪ್ರಕಟಿಸುತ್ತವೆ. ಕೆಲವು ವಾರಗಳಲ್ಲಿ ಮುಂಗಡ ಕೊಟ್ಟವರಿಗೆ ಹೆಚ್ಚಿನ ವಾರಂಟಿ, ಬೇಕಾದ ಬಣ್ಣ, ಕೆಲವೊಮ್ಮೆ ಆ ಅವಧಿಯಲ್ಲಿ ಮಾತ್ರ ಸಿಗುವ ಎಂಜಿನ್ ಅಥವಾ ಟ್ರ್ಯಾಕ್. ಕಾದು ಕುಳಿತವರಿಗೆ ಡೀಲರ್ ಬಳಿ ಉಳಿದದ್ದೇ ಗತಿ. ಆ ಹೊತ್ತಿಗೆ ಹೊಸ ಗಾಡಿಯನ್ನು ಓಡಿಸಿರುವವರು ಯಾರು? ಕಂಪನಿಯ ಎಂಜಿನಿಯರುಗಳು, ಪರೀಕ್ಷಾರ್ಥ ಸವಾರಿಗೆ ಕಂಪನಿಯೇ ಕರೆಸಿದ ಪತ್ರಕರ್ತರು, ಮತ್ತು ಪ್ರಾಯೋಜಿತ ಸವಾರರು, ಅಂದರೆ ಕಂಪನಿಯಿಂದ ಹಣವನ್ನೋ ಗಾಡಿಯನ್ನೋ ಪಡೆದು ಓಡಿಸಿ ವಿಡಿಯೊ ಮಾಡುವವರು. ದುಡ್ಡು ಕೊಟ್ಟು ಕೊಂಡವನೊಬ್ಬನೂ ಆ ಪಟ್ಟಿಯಲ್ಲಿಲ್ಲ, ಇರಲು ಸಾಧ್ಯವೂ ಇಲ್ಲ. ಹೀಗಿರುವಾಗ ಪ್ರಾಯೋಜಿತರನ್ನು ನಂಬಬೇಡಿ ಎಂಬ ಬುದ್ಧಿವಾದ ಕೊಳ್ಳುವವನಿಗೆ ಏನೂ ಉಪಯೋಗವಿಲ್ಲ. ಏಪ್ರಿಲ್‌ನಲ್ಲಿ ಅವರನ್ನು ಬಿಟ್ಟರೆ ಮಾತನಾಡುವವರೇ ಇಲ್ಲ.

ಅವರ ಮಾತಿನಲ್ಲಿ ನಿಜವಾದದ್ದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಗಾಡಿ ವಾಲಲು ಎಷ್ಟು ಬಲ ಬೇಕು, ತಿರುವಿನಲ್ಲಿ ಹೇಗೆ ವರ್ತಿಸುತ್ತದೆ, ಹ್ಯಾಂಡಲ್ ಎತ್ತರ ಸರಿಯೇ, ಹಿಂದಿನ ಮಾದರಿಗಿಂತ ಮುಂಭಾಗ ಹಗುರವೇ ಎಂಬುದನ್ನೆಲ್ಲ ಅವರು ನಿಖರವಾಗಿ ಹೇಳಿದ್ದರು. ನನ್ನ ಹಳೆಯ ಗಾಡಿಯಲ್ಲಿ ಸೊಂಟ ನೋಯುತ್ತಿದ್ದ ಇಳಿಜಾರನ್ನು ಇದು ಸಲೀಸಾಗಿ ದಾಟಿತು. ದಿನವೂ ಬೆಟ್ಟದಲ್ಲಿರುವವರು ಒಂದು ಬೋಲ್ಟ್ ಸರಿದರೂ ಗುರುತಿಸುತ್ತಾರೆ. ಅವರ ಈ ಕೌಶಲದ ಬಗ್ಗೆ ನನಗೆ ಅನುಮಾನವಿಲ್ಲ.

ತೊಡಕು ಆ ಕೌಶಲದಲ್ಲಿಯೇ ಇದೆ. ನುರಿತ ಸವಾರನ ಮೈ ಗಾಡಿಯ ಕೊರತೆಯನ್ನು ತಾನೇ ತುಂಬಿಕೊಡುತ್ತದೆ. ಮುಂಭಾಗ ಏಳುವ ಸ್ವಭಾವ ಇದ್ದರೆ, ಏಳುವ ಮುನ್ನವೇ ಅವನ ಕಾಲು ಮುಂದಕ್ಕೆ ಜರುಗಿರುತ್ತದೆ. ಕೇಳಿದರೆ ಅಂಥ ಸ್ವಭಾವವೇ ಇಲ್ಲ ಎನ್ನುತ್ತಾನೆ, ಸುಳ್ಳಾಡುತ್ತಿರುವುದಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಕುರ್ಚಿಯಲ್ಲಿ ಕೂರುವ ನನ್ನಂಥವನಿಗೆ ಅದೇ ಗಾಡಿ ಬೇರೆ ಗಾಡಿ. ಅದೂ ಅಲ್ಲದೆ ವಿಡಿಯೊದಲ್ಲಿ ಕಾಣುವ ಸ್ಲೆಡ್ಡಿನ ಶಾಕ್ ಅಬ್ಸಾರ್ಬರ್, ಸ್ಕೀ, ಕ್ಲಚ್ ಬೇರೆ ಕಂಪನಿಗಳವಾಗಿರುವುದು ಉಂಟು. ಅವರೂ ಪ್ರಾಯೋಜಕರೇ. ಕೊನೆಗೆ ಹೊಗಳಿಕೆ ಯಾವುದಕ್ಕೆ ಸೇರಿದ್ದು ಎಂಬುದೇ ಬಗೆಹರಿಯುವುದಿಲ್ಲ.

ಇನ್ನು ಅವರು ಹೇಳದೆ ಬಿಟ್ಟದ್ದು. ಮೊದಲನೆಯದು ಬೆಲ್ಟ್. ಸ್ಲೆಡ್ಡಿಗೆ ಗೇರ್ ಇಲ್ಲ. ಎರಡು ಕ್ಲಚ್‌ಗಳ ನಡುವೆ ಒಂದು ರಬ್ಬರ್ ಬೆಲ್ಟ್ ಎಂಜಿನ್ನಿನ ಪೂರ್ತಿ ಶಕ್ತಿಯನ್ನು ಹೊರುತ್ತದೆ. ಒಂದಕ್ಕೆ 150ರಿಂದ 250 ಡಾಲರ್. ಕ್ಲಚ್‌ಗಳ ಸಾಲು ಸ್ವಲ್ಪ ತಪ್ಪಿದ್ದರೂ ಅಥವಾ ನೀವು ಏರುವ ಎತ್ತರಕ್ಕೆ ಕ್ಲಚ್ಚಿನ ತೂಕಗಳು ಹೊಂದದಿದ್ದರೂ ಬೆಲ್ಟ್ ಬಿಸಿಯಾಗಿ ನಾರು ನಾರಾಗಿ ಹರಿಯುತ್ತದೆ. ಕೆಲವು ಸಲ ಪಕ್ಕದ ಪ್ಲಾಸ್ಟಿಕ್ಕನ್ನೂ ಒಡೆಯುತ್ತದೆ. ನನ್ನದು ಮೊದಲ ಚಳಿಗಾಲ ಮುಗಿಯುವ ಮುನ್ನವೇ ಹರಿಯತೊಡಗಿತು. ಡೀಲರ್ ನನ್ನ ಓಡಿಸುವ ರೀತಿಯೇ ಸರಿಯಿಲ್ಲವೆಂದರು. ಬೇರೆ ಊರಿನ ಮೆಕ್ಯಾನಿಕ್ ಒಬ್ಬರು ಅಳೆದು ನೋಡಿ, ಸಾಲು ಕಾರ್ಖಾನೆಯಿಂದಲೇ ತಪ್ಪಿ ಬಂದಿದೆ ಎಂದರು. ಸರಿಮಾಡಿಸಿದ ಮೇಲೆ ಒಂದು ಬೆಲ್ಟ್ ಇಡೀ ಚಳಿಗಾಲ ಬಾಳಿತು. ಬೆಲ್ಟಿನ ಬಗ್ಗೆ ಮಾತನಾಡುವ ಒಂದೇ ಒಂದು ಪ್ರಾಯೋಜಿತ ವಿಡಿಯೊ ನಾನು ನೋಡಿಲ್ಲ. ಅವರಿಗೆ ಅದು ಪೆಟ್ಟಿಗೆಗಟ್ಟಲೆ ಸಿಗುವ ವಸ್ತು.

ಎರಡನೆಯದು ತೂಕ. ಜಾಹೀರಾತಿನಲ್ಲಿರುವುದು ಒಣ ತೂಕ, ಅಂದರೆ ಪೆಟ್ರೋಲ್, ಎಂಜಿನ್ ಆಯಿಲ್, ಕೂಲೆಂಟ್ ಯಾವುದನ್ನೂ ಲೆಕ್ಕಕ್ಕೆ ಹಿಡಿಯದ ತೂಕ. ಹತ್ತು ಗ್ಯಾಲನ್ ಪೆಟ್ರೋಲೇ ಸುಮಾರು 28 ಕಿಲೊ. ಅದರ ಮೇಲೆ ಕಾಲಿಡುವ ಹಲಗೆಗೂ ಟ್ರ್ಯಾಕಿನ ಮೇಲಿನ ಸುರಂಗದಂಥ ಗೂಡಿಗೂ ಹಿಮ ಮೆತ್ತಿ ಗಟ್ಟಿಯಾಗುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಹೂತ ಗಾಡಿಯನ್ನು ಎಳೆಯುವವನಿಗೆ ಒಣ ತೂಕ ಎಂಬುದು ಕ್ರೂರ ಹಾಸ್ಯ. ಮೂರನೆಯದು ಬಿಸಿ. ಎಂಜಿನ್ ತಣಿಯುವುದು ಟ್ರ್ಯಾಕ್ ಎರಚುವ ಹಿಮದಿಂದ. ಮಾರ್ಚ್ ಕೊನೆಯಲ್ಲಿ ಗಟ್ಟಿಯಾದ ದಾರಿಯಲ್ಲಿ ಹಿಮ ಏಳುವುದಿಲ್ಲ. ಗಟ್ಟಿ ಹಿಮವನ್ನು ಕೆರೆದು ಎಬ್ಬಿಸುವ ಕಡ್ಡಿಗಳನ್ನು ಇಳಿಸದೆ ಓಡಿಸಿದರೆ ಎಚ್ಚರಿಕೆಯ ದೀಪ ಹತ್ತುತ್ತದೆ, ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿಯೂ ಸವೆಯುತ್ತದೆ. ವಿಡಿಯೊಗಳನ್ನು ತೆಗೆಯುವುದು ಪುಡಿ ಹಿಮ ಬಿದ್ದ ಬೆಳಗಿನಲ್ಲಿ. ಪಾರ್ಕಿಂಗ್ ಜಾಗದಿಂದ ಆ ಹಿಮದವರೆಗಿನ ಗಟ್ಟಿ ದಾರಿಯನ್ನು ಯಾರೂ ತೋರಿಸುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಎರಡನೇ ಚಳಿಗಾಲ. ಪೂರ್ಣ ಪ್ರಮಾಣದ ಪ್ರಾಯೋಜಿತ ಸವಾರನಿಗೆ ಅದು ಬರುವುದೇ ಇಲ್ಲ. ಋತು ಮುಗಿದಾಗ ಗಾಡಿ ಹೋಗುತ್ತದೆ, ಹೊಸತು ಬರುತ್ತದೆ. ಬೇರಿಂಗ್ ಕೂಗುವುದು, ಶಾಕ್ ಸೋರುವುದು, ಸ್ವಿಚ್ಚಿಗೆ ತುಕ್ಕು ಹಿಡಿಯುವುದು, ವಾರಂಟಿ ಮುಗಿದ ತಿಂಗಳಲ್ಲೇ ಏನೋ ಒಂದು ಕೈಕೊಡುವುದು, ಇವೆಲ್ಲ ನಡೆಯುವುದು ಆಮೇಲೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರಲ್ಲ, ಇಲ್ಲಿ ಎಣಿಸುವ ಹೊತ್ತಿಗೆ ಎಮ್ಮೆಯೇ ಕೊಟ್ಟಿಗೆಯಲ್ಲಿರುವುದಿಲ್ಲ.

ಪ್ರಾಯೋಜಿತರೆಲ್ಲರೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಕೊಲೊರಾಡೊದ ಕ್ರಿಸ್ ಬುರಾಂಟ್ ಪೊಲಾರಿಸ್ ಕಂಪನಿಯ ಸವಾರನೆಂದೂ, ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕಾರ್ಲ್ ಕುಸ್ಟರ್ ಸ್ಕಿ-ಡೂ ಸವಾರನೆಂದೂ ಹೆಸರಾದವರು ಎಂಬುದು ಈ ಹವ್ಯಾಸದವರಿಗೆಲ್ಲ ಗೊತ್ತು. ಗುಟ್ಟೇನಿಲ್ಲ. ಎದೆಯ ಮೇಲೆ ಕಂಪನಿಯ ಹೆಸರು ಹಾಕಿಕೊಂಡವರಿಂದ ಅಪಾಯ ಕಡಿಮೆ, ಕೇಳುವವನು ತಾನೇ ಒಂದಿಷ್ಟು ಕಳೆದು ಕೇಳುತ್ತಾನೆ. ನನಗೆ ಕಿರಿಕಿರಿಯಾಗುವುದು ಕೆಳಗಿನ ಮೆಟ್ಟಿಲಿನವರಿಂದ. ಗಾಗಲ್ಸ್ ಕಂಪನಿಯಿಂದ ರಿಯಾಯಿತಿ, ಜಾಕೆಟ್ ಉಚಿತ, ಡೀಲರ್ ಕೊಂಡ ಬೆಲೆಗೇ ಕೊಟ್ಟ ಸ್ಲೆಡ್, ಕೆಳಗೊಂದು ಕೂಪನ್ ಸಂಖ್ಯೆ. ಮಾತು ಮಾತ್ರ ಪಕ್ಕದ ಮನೆಯವನದು: 'ನನ್ನ ಪ್ರಾಮಾಣಿಕ ಅನಿಸಿಕೆ.' ಅವರಿಗೆ ಸಿಗುವುದು ಸಣ್ಣ ಲಾಭ. ಆದರೆ ಅದನ್ನು ಕಳೆದುಕೊಳ್ಳುವ ಭಯ ದೊಡ್ಡವರಿಗಿಂತ ಹೆಚ್ಚು, ಏಕೆಂದರೆ ಅವರ ಜಾಗಕ್ಕೆ ಕಾದಿರುವವರ ಸಾಲು ಉದ್ದ.

ಇದಕ್ಕೆ ಇಲ್ಲಿ ನಿಯಮ ಇಲ್ಲವೆಂದಲ್ಲ. ಜಾಹೀರಾತುಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 1980ರಿಂದಲೂ ಶಿಫಾರಸುಗಳ ಬಗ್ಗೆ ಮಾರ್ಗಸೂಚಿ ಇಟ್ಟಿದೆ. 2009ರಲ್ಲಿಯೂ 2023ರಲ್ಲಿಯೂ ಅದನ್ನು ಪರಿಷ್ಕರಿಸಿತು. ಹಣವಷ್ಟೇ ಅಲ್ಲ, ಉಚಿತ ವಸ್ತು, ರಿಯಾಯಿತಿ ಯಾವುದೇ ನಂಟಿದ್ದರೂ ನೋಡುವವನಿಗೆ ಸ್ಪಷ್ಟವಾಗಿ ತಿಳಿಸಬೇಕು. ಕಂಪನಿಗೆ ಬರೀ ಧನ್ಯವಾದ ಹೇಳಿದರೆ ಸಾಲದು, ಯಾವುದಕ್ಕೆ ಧನ್ಯವಾದ ಎಂಬುದೂ ಗೊತ್ತಾಗಬೇಕು. ಸುಳ್ಳು ವಿಮರ್ಶೆಗಳನ್ನು ನಿಷೇಧಿಸುವ ಪ್ರತ್ಯೇಕ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಒಳ್ಳೆಯದೇ. ಆದರೆ ಈ ನಿಯಮಗಳು ಹಿಡಿಯುವುದು ಮುಚ್ಚಿಟ್ಟ ನಂಟನ್ನು ಮತ್ತು ಸುಳ್ಳನ್ನು. ನಂಟನ್ನು ತೆರೆದು ಹೇಳಿ, ಸುಳ್ಳನ್ನೂ ಹೇಳದೆ, ಬೆಲ್ಟಿನ ವಿಷಯ ಬಿಟ್ಟುಬಿಟ್ಟವನನ್ನು ಯಾವ ನಿಯಮವೂ ಕೇಳುವುದಿಲ್ಲ.

ಕೆಲವು ಸಂಗತಿಗಳು ಯಾವ ಸವಾರನಿಗೂ ಮೊದಲೇ ತಿಳಿಯುವಂಥವಲ್ಲ. 2021ರ ಡಿಸೆಂಬರ್‌ನಲ್ಲಿ, ಋತು ಶುರುವಾಗುವ ಹೊತ್ತಿನಲ್ಲೇ, ಇಂಧನ ಟ್ಯಾಂಕಿನಲ್ಲಿ ಸ್ಥಿರವಿದ್ಯುತ್ತಿನ ಕಿಡಿಯಿಂದ ಬೆಂಕಿ ಹತ್ತುವ ಅಪಾಯವಿದೆಯೆಂದು ಪೊಲಾರಿಸ್ ತನ್ನ ಹೊಸ ಸ್ಲೆಡ್‌ಗಳ ಸವಾರಿ ನಿಲ್ಲಿಸುವಂತೆ ಮಾಲೀಕರಿಗೆ ಸೂಚಿಸಿತು. ವಸಂತಕಾಲದ ನಾಲ್ಕು ದಿನದ ಪರೀಕ್ಷಾ ಸವಾರಿಯಲ್ಲಿ ಅದು ಕಾಣಿಸುವ ದೋಷವಲ್ಲ. ಹಾಗೆಯೇ 2023ರಲ್ಲಿ ಯಮಹಾ, ತನ್ನ ಸ್ನೋಮೊಬೈಲ್‌ಗಳಲ್ಲಿ 2025ರ ಮಾದರಿಯೇ ಕೊನೆ ಎಂದು ಘೋಷಿಸಿತು. ಆರ್ಕ್ಟಿಕ್ ಕ್ಯಾಟ್ ಎಂಬ ಸ್ಲೆಡ್ ಕಂಪನಿಯ ಒಡೆಯನಾಗಿದ್ದ ಟೆಕ್ಸ್‌ಟ್ರಾನ್ ತಯಾರಿಕೆಯನ್ನು ತಡೆಹಿಡಿದು, 2025ರಲ್ಲಿ ಆ ಕಂಪನಿಯನ್ನು ಮಾರಿತು. ಇಂಥ ಹೊತ್ತಿನಲ್ಲಿ ಪ್ರಾಯೋಜಿತ ಸವಾರ ಜಾಕೆಟ್ಟಿನ ಬಣ್ಣ ಬದಲಿಸಬಲ್ಲ. ಮಾಲೀಕ ಬಿಡಿಭಾಗಕ್ಕೆ ಫೋನ್ ಮಾಡುತ್ತಾ ಕೂರಬೇಕು.

ಹಾಗಾದರೆ ಮಾಲೀಕರ ಮಾತೇ ವೇದವೇ? ಅದೂ ಅಲ್ಲ. ಇಷ್ಟು ಹಣ ಸುರಿದವನು ತಾನು ಕೊಂಡದ್ದನ್ನು ಸಮರ್ಥಿಸುತ್ತಲೇ ಇರುತ್ತಾನೆ, ಇಲ್ಲವೇ ಒಂದು ಬೆಲ್ಟ್ ಹರಿದ ಸಿಟ್ಟಿನಲ್ಲಿ ಇಡೀ ಕಂಪನಿಯನ್ನು ಶಪಿಸುತ್ತಾನೆ. ನನ್ನ ಗಾಡಿಯನ್ನು ಮುಂದಿನ ವರ್ಷ ಮಾರುವ ಯೋಚನೆ ನನಗಿದೆ. ಆದ್ದರಿಂದ 'ಗಾಡಿ ಚೆನ್ನಾಗಿದೆ' ಎಂಬ ಮೇಲಿನ ಮಾತಿನಿಂದಲೂ ನೀವು ಒಂದಿಷ್ಟು ಕಳೆಯಬಹುದು.

ಸಿಯಾಟಲ್‌ನಲ್ಲಿರುವ ಹಾಸನದ ಸ್ನೇಹಿತರೊಬ್ಬರು ಈಚೆಗೆ ಫೋನ್ ಮಾಡಿ, "ಯಾವ ವಿಡಿಯೊ ನೋಡಿ ಮುಂಗಡ ಕೊಡಲಿ, ನೀವೇ ಹೇಳಿ" ಎಂದರು. ವಿಡಿಯೊ ನೋಡಿ, ಆದರೆ ಓಡುವ ರೀತಿಯ ಬಗ್ಗೆ ಮಾತ್ರ ನಂಬಿ ಎಂದೆ. ಒಬ್ಬನೇ ಸವಾರ ಹಿಂದಿನ ಮಾದರಿಯನ್ನು ಹೋದ ವರ್ಷ ಹೇಗೆ ಹೊಗಳಿದ್ದ ಎಂಬುದನ್ನೂ ನೋಡಿ ಎಂದೆ. ಹೊಸದರಲ್ಲಿ 'ಕೊನೆಗೂ ಸರಿಯಾಯಿತು' ಎಂದು ಅವನು ಹೇಳುವ ದೋಷ ಹೋದ ವರ್ಷ ಅವನ ಬಾಯಲ್ಲಿ ಬಂದಿತ್ತೇ? ಬಂದಿದ್ದರೆ ಅವನನ್ನು ಕೇಳಬಹುದು. ಆಮೇಲೆ ಬಾಡಿಗೆಗೆ ಸ್ಲೆಡ್ ಕೊಡುವ ಅಂಗಡಿಯ ಮೆಕ್ಯಾನಿಕ್ಕನ್ನು ಹುಡುಕಿ. ಅವನ ಗಾಡಿಗಳು ಒಂದೇ ಋತುವಿನಲ್ಲಿ ನಮ್ಮವು ನಾಲ್ಕರಲ್ಲಿ ಓಡುವಷ್ಟು ಓಡುತ್ತವೆ, ಅದೂ ಅನನುಭವಿಗಳ ಕೈಯಲ್ಲಿ. ಯಾವ ಭಾಗವನ್ನು ಹೆಚ್ಚಿಗೆ ತರಿಸಿ ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ ಸಾಕು. ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಕಾರಿ ಆಯೋಗದ ಹಿಂಪಡೆತಗಳ, ಅಂದರೆ ದೋಷಕ್ಕಾಗಿ ವಾಪಸ್ ಕರೆಸಿಕೊಂಡ ಗಾಡಿಗಳ ಪಟ್ಟಿಯನ್ನೂ ಓದಿ. ಎಲ್ಲಕ್ಕಿಂತ ಮೇಲು, ಹೊಚ್ಚ ಹೊಸ ವಿನ್ಯಾಸ ಬಂದ ಮೊದಲ ವರ್ಷ ಸುಮ್ಮನಿರಿ.

"ವಾರಂಟಿ ಹೋಗುತ್ತದಲ್ಲ?" ಎಂದರು.

ಹೋಗುತ್ತದೆ. ಆ ಹೆಚ್ಚಿನ ವಾರಂಟಿಗೆ ಬೆಲೆ ಕಟ್ಟಿ ನೋಡಿ, ಎರಡನೇ ವರ್ಷದ ಮಾದರಿ ಅದಕ್ಕಿಂತ ಲಾಭವೇ ಎಂದು ಲೆಕ್ಕ ಹಾಕಿ ಎಂದೆ. ಇನ್ನೂ ಲೆಕ್ಕ ಹಾಕುತ್ತಿದ್ದಾರೆ.

ಇನ್ನೊಂದು ಮಾತು, ವಿಮರ್ಶೆಗೆ ನೇರ ಸಂಬಂಧವಿಲ್ಲದಿದ್ದರೂ ಬಿಡಲಾರೆ. ಕಡಿದಾದ ಬಯಲು ಇಳಿಜಾರನ್ನು ಪ್ರಾಯೋಜಿತ ಸವಾರ ಏರಿದ ವಿಡಿಯೊ ಆ ಇಳಿಜಾರು ಸುರಕ್ಷಿತ ಎಂಬುದಕ್ಕೆ ಸಾಕ್ಷಿಯಲ್ಲ. ಮೆಕಾಲ್ ಕಡೆಗೆ ಹೊರಡುವ ದಿನ ನಾನು ಮೊದಲು ಓದುವುದು ಪೇಯೆಟ್ ಹಿಮಕುಸಿತ ಕೇಂದ್ರದ ಮುನ್ಸೂಚನೆ. ಅವರಿಗೆ ಮಾರುವುದಕ್ಕೆ ಏನೂ ಇಲ್ಲ.

ನನ್ನ ಗಾಡಿ ಕೊಳ್ಳಬಯಸುವವರಿಗೆ: ಕ್ಲಚ್ ಸಾಲು ಸರಿಮಾಡಿಸಿದ ರಸೀದಿ ಇದೆ, ಎಡಗಡೆಯ ಕಾಲ್ಹಲಗೆ ಬಂಡೆಗೆ ತಗುಲಿ ಬಾಗಿದೆ, ಹಿಂದಿನ ಶಾಕ್ ಈ ಬೇಸಿಗೆಯಲ್ಲಿ ಹೊಸದಾಗಿ ಸೀಲ್ ಹಾಕಿಸಿಕೊಳ್ಳಬೇಕು. ಬಿಡಿ ಬೆಲ್ಟ್ ಒಂದನ್ನು ಜೊತೆಗೇ ಕೊಡುತ್ತೇನೆ.