ಗ್ಲೆನ್ ಮರಿ ಕ್ಲಾಸಿಕ್: ಮೂರು ವರ್ಷ, ಏಳು ಬಾಟಲಿ

ಸ್ಕಾಟ್ಲೆಂಡಿನ ಅಬರ್ಡೀನಿಗೆ ಬಂದ ಹೊಸತರಲ್ಲಿ ನಾನು ಕೊಂಡ ಮೊದಲ ಸಿಂಗಲ್ ಮಾಲ್ಟ್ ವಿಸ್ಕಿ ಗ್ಲೆನ್ ಮರಿ ಅಲ್ಲ. ಅಂಗಡಿಯಲ್ಲಿ ಸಲಹೆ ಕೇಳಿದೆ. ಐಲಾ ದ್ವೀಪದ ಹೊಗೆ ವಾಸನೆಯ ವಿಸ್ಕಿಯೊಂದನ್ನು ಕೈಗಿಟ್ಟರು. ಐವತ್ತು ಪೌಂಡಿನ ಹತ್ತಿರ ಆಯಿತು. ಮನೆಗೆ ಬಂದು ಮುಚ್ಚಳ ತೆಗೆದರೆ, ಚಿಕ್ಕಂದಿನಲ್ಲಿ ಮಂಡಿ ತರಚಿದಾಗ ಹಚ್ಚುತ್ತಿದ್ದ ಟಿಂಚರ್ ವಾಸನೆ! ಎರಡು ಗುಟುಕು ಕುಡಿದು ಎತ್ತಿಟ್ಟೆ. ಎಂಟು ತಿಂಗಳು ಅದು ಕಪಾಟಿನಲ್ಲೇ ಇತ್ತು. ಆ ವಿಸ್ಕಿಯಲ್ಲಿ ತಪ್ಪೇನೂ ಇರಲಿಲ್ಲ. ಈಗ ಅದೂ ನನಗೆ ಇಷ್ಟ. ಆದರೆ ಹೊಸಬರ ಕೈಗೆ ಮೊದಲು ಸಿಗಬೇಕಾದ ಬಾಟಲಿ ಅದಲ್ಲ.

ಆಮೇಲೆ ಸೂಪರ್‌ಮಾರ್ಕೆಟಿನಲ್ಲಿ ಕಣ್ಣಿಗೆ ಬಿದ್ದದ್ದು ಗ್ಲೆನ್ ಮರಿ ಎಲ್ಗಿನ್ ಕ್ಲಾಸಿಕ್. ಬಾಟಲಿ ಮೇಲಿನ ಅಕ್ಷರ ನೋಡಿದರೆ ‘ಮೊರೇ’ ಅನ್ನಬೇಕು ಅನ್ನಿಸುತ್ತದೆ, ಇಲ್ಲಿಯವರು ಹೇಳುವುದು ‘ಮರಿ’ ಅಂತಲೇ. ಇಪ್ಪತ್ತೆರಡು ಪೌಂಡ್ ಕೊಟ್ಟು ತಂದೆ. ಈಗ ಏಳನೇ ಬಾಟಲಿ ಅರ್ಧಕ್ಕೆ ಬಂದಿದೆ.

ಮೊದಲು ಬೆಲೆಯ ಮಾತು. ಸ್ಕಾಟ್ಲೆಂಡಿನಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆಯ ಕಾನೂನು ಇದೆ. 2018ರಲ್ಲಿ ಜಾರಿಗೆ ಬಂದಾಗ ಒಂದು ಯೂನಿಟ್‌ಗೆ 50 ಪೆನ್ಸ್ ಇತ್ತು, 2024ರ ಸೆಪ್ಟೆಂಬರ್ 30ರಿಂದ 65 ಪೆನ್ಸ್ ಆಗಿದೆ. ಯೂನಿಟ್ ಅಂದರೆ 10 ಮಿಲಿ ಶುದ್ಧ ಆಲ್ಕೋಹಾಲ್. 700 ಮಿಲಿಯ, ಶೇ. 40 ಆಲ್ಕೋಹಾಲ್ ಇರುವ ಬಾಟಲಿಯಲ್ಲಿ 28 ಯೂನಿಟ್ ಇರುತ್ತದೆ. ಅಂದರೆ ಎಷ್ಟೇ ಸಾಧಾರಣ ವಿಸ್ಕಿ ಆದರೂ 18 ಪೌಂಡ್ 20 ಪೆನ್ಸ್‌ಗಿಂತ ಕಡಿಮೆಗೆ ಮಾರುವಂತಿಲ್ಲ. ಲೆಕ್ಕ ಹಾಕಿ ನೋಡಿ. ಹಲವು ಡಿಸ್ಟಿಲರಿಗಳ ವಿಸ್ಕಿ ಬೆರೆಸಿದ ಅತಿ ಅಗ್ಗದ ಬ್ಲೆಂಡ್‌ಗೂ ಇಪ್ಪತ್ತು–ಇಪ್ಪತ್ತೈದು ಪೌಂಡಿನ ಈ ಸಿಂಗಲ್ ಮಾಲ್ಟ್‌ಗೂ ನಡುವೆ ಉಳಿಯುವುದು ಕೆಲವೇ ಪೌಂಡ್. ಇಲ್ಲಿ ಹೊಸದಾಗಿ ಶುರು ಮಾಡುವವರು ಆ ಕೆಲವು ಪೌಂಡ್ ಜಾಸ್ತಿ ಹಾಕಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಸಿಂಗಲ್ ಮಾಲ್ಟ್ ಅಂದರೆ ಒಂದೇ ಪೀಪಾಯಿಯದ್ದು ಅಂತ ನಾನೂ ತುಂಬ ದಿನ ತಿಳಿದಿದ್ದೆ. ಹಾಗಲ್ಲ. ಒಂದೇ ಡಿಸ್ಟಿಲರಿಯಲ್ಲಿ, ಬರೀ ಮೊಳಕೆ ಬರಿಸಿದ ಬಾರ್ಲಿಯಿಂದ, ತಾಮ್ರದ ಹಂಡೆಯಂಥ ಪಾಟ್ ಸ್ಟಿಲ್‌ನಲ್ಲಿ ಇಳಿಸಿದ್ದು. ಎಷ್ಟು ಪೀಪಾಯಿಗಳನ್ನು ಬೇಕಾದರೂ ಬೆರೆಸಿರಬಹುದು. ‘ಮಾಲ್ಟ್’ ನಮಗೇನು ಹೊಸದಲ್ಲ, ಅಲ್ವಾ? ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು ಪುಡಿ ಮಾಡುತ್ತೇವಲ್ಲ, ಅದೇ ಕೆಲಸ ಇಲ್ಲಿ ಬಾರ್ಲಿಗೆ. ಒಣಗಿಸುವಾಗ ಪೀಟ್ ಸುಟ್ಟು ಹೊಗೆ ಹಿಡಿಸಿದರೆ ಆ ಟಿಂಚರ್ ವಾಸನೆ ಬರುತ್ತದೆ. ಪೀಟ್ ಅಂದರೆ ಜೌಗು ನೆಲದಿಂದ ಅಗೆದು ತೆಗೆದ, ಅರ್ಧ ಕೊಳೆತ ಸಸ್ಯಗಳ ಮಣ್ಣು. ಗ್ಲೆನ್ ಮರಿ ಕ್ಲಾಸಿಕ್‌ನಲ್ಲಿ ಆ ಹೊಗೆ ಇಲ್ಲ.

ಎರಡನೇ ಬಾಟಲಿ ಮುಗಿದ ಮೇಲೆ ಇದನ್ನು ಮಾಡುವ ಎಲ್ಗಿನ್ ಊರನ್ನೇ ನೋಡಿ ಬರೋಣ ಅಂತ ಹೊರಟೆ. ಅಬರ್ಡೀನಿನಿಂದ ಇನ್ವರ್ನೆಸ್ ಕಡೆ ಹೋಗುವ ರೈಲು ಎಲ್ಗಿನ್‌ನಲ್ಲಿ ನಿಲ್ಲುತ್ತದೆ. ಒಂದೂವರೆ ಗಂಟೆಯ ದಾರಿ. ಆಗಸ್ಟ್ ತಿಂಗಳು, ಕಿಟಕಿಯ ಎರಡೂ ಕಡೆ ಬಾರ್ಲಿ ಹೊಲ ಹಳದಿ ತಿರುಗಿತ್ತು. ಡಿಸ್ಟಿಲರಿ ಇರುವುದು ಊರಿನ ಪಡುವಣ ಅಂಚಿನಲ್ಲಿ, ಲಾಸಿ ಎಂಬ ಸಣ್ಣ ಹೊಳೆಯ ದಡದಲ್ಲಿ. ಮೊದಲು ಅದು ಬಿಯರ್ ಮಾಡುವ ಜಾಗವಾಗಿತ್ತು, 1897ರಲ್ಲಿ ವಿಸ್ಕಿ ಶುರುವಾಯಿತು. ಒಳಗೆ ಕಾಲಿಟ್ಟ ಕೂಡಲೇ ಬಂದದ್ದು ಒಲೆಯ ಮೇಲೆ ಕುದಿಯುತ್ತಿರುವ ರಾಗಿ ಮಾಲ್ಟ್‌ನ ಪರಿಮಳ. ಮುಂದಕ್ಕೆ ಹೋದರೆ, ಹುಳಿ ಬಂದು ಉಕ್ಕಿದ ದೋಸೆ ಹಿಟ್ಟಿನದ್ದು. ಸಾವಿರಾರು ಮೈಲಿ ದೂರದಲ್ಲಿ ಅಮ್ಮನ ಅಡುಗೆಮನೆಯ ಎರಡು ವಾಸನೆ ಒಟ್ಟಿಗೆ ಸಿಕ್ಕಾಗ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ.

ಈಗ ಲೋಟದಲ್ಲಿ ಏನಿದೆ ಅಂತ ಹೇಳುತ್ತೇನೆ. ಬಣ್ಣ ತಿಳಿ ಹೊನ್ನು. (ಬಣ್ಣ ನೋಡಿ ಯಾವ ಸ್ಕಾಚನ್ನೂ ಅಳೆಯಬೇಡಿ. ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲೇ ಅವಕಾಶ ಇದೆ.) ಮೂಗಿಗೆ ಮೊದಲು ಬರುವುದು ವೆನಿಲ್ಲಾ, ಆಮೇಲೆ ನಿಂಬೆ ಸಿಪ್ಪೆ, ಹಸಿ ಹುಲ್ಲು. ಬಾಯಲ್ಲಿ ಮೆದು ಸಿಹಿ, ಮಾರಿ ಬಿಸ್ಕತ್ತಿನ ರುಚಿ, ಕೊನೆಗೆ ನಾಲಿಗೆ ತುದಿಯಲ್ಲಿ ಒಂಚೂರು ಶುಂಠಿ ಖಾರ. ಗಂಟಲಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಇದು ಹಗುರವಾದ ವಿಸ್ಕಿ. ಗಟ್ಟಿ ಹೊಗೆ, ಒಣದ್ರಾಕ್ಷಿ, ಮಸಾಲೆ ಬೇಕು ಅನ್ನುವವರಿಗೆ ಅಲ್ಲ.

ವೆನಿಲ್ಲಾ ಬರುವುದು ಓಕ್ ಮರದಿಂದ. ಅಮೆರಿಕದ ಬೂರ್ಬನ್ ವಿಸ್ಕಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು ಅಂತ ಅಲ್ಲಿಯ ಕಾನೂನು. ಒಮ್ಮೆ ಬಳಸಿದ ಮೇಲೆ ಆ ಪೀಪಾಯಿಗಳು ಸ್ಕಾಟ್ಲೆಂಡಿಗೆ ಬರುತ್ತವೆ. ಕ್ಲಾಸಿಕ್ ಹದಕ್ಕೆ ಬರುವುದು ಅವುಗಳಲ್ಲೇ.

ಲೇಬಲ್ ಮೇಲೆ 12, 15 ವರ್ಷ ಅಂತ ವಯಸ್ಸಿನ ಸಂಖ್ಯೆ ಇಲ್ಲ. ಇದು ಹಲವರಿಗೆ ಕಿರಿಕಿರಿ. ಕಾನೂನಿನ ಪ್ರಕಾರ ಯಾವುದೇ ಸ್ಕಾಚ್ ಕನಿಷ್ಠ 3 ವರ್ಷ ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಇರಬೇಕು. ಸಂಖ್ಯೆ ಹಾಕಿದರೆ ಅದು ಬಾಟಲಿಯಲ್ಲಿರುವ ಅತಿ ಎಳೆಯ ವಿಸ್ಕಿಯ ವಯಸ್ಸು. ವಯಸ್ಸು ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನುವ ಮಾತನ್ನು ಹೊಸಬರು ಬದಿಗಿಡುವುದು ಒಳ್ಳೆಯದು. ಇಲ್ಲಿಯ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾಗುತ್ತದೆ. ನಮ್ಮ ಬೆಂಗಳೂರಿನ ಸೆಖೆಯಲ್ಲಿ ಅದರ ಹಲವು ಪಟ್ಟು ಹೋಗುತ್ತದೆ, ವಿಸ್ಕಿ ಬೇಗ ಹದಕ್ಕೆ ಬರುತ್ತದೆ. ಅಲ್ಲಿಯ ಅಮೃತ್ ಡಿಸ್ಟಿಲರಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ಸ್ಕಾಚಿನ ಮನೆಯಂಗಳದಲ್ಲೇ ನಿಂತು ಮೆಚ್ಚುಗೆ ಪಡೆಯಿತು. ಹೇಳಿಕೊಳ್ಳಲು ನನಗೆ ಹೆಮ್ಮೆ.

ಕುಡಿಯುವ ಕ್ರಮ. ಊರಲ್ಲಿ ಲಾರ್ಜ್ ಅಂದರೆ 60 ಮಿಲಿ, ಇಲ್ಲಿ ಬಾರಿನಲ್ಲಿ ಒಂದು ಅಳತೆ 25 ಅಥವಾ 35. ನಾನು ಮನೆಯಲ್ಲೂ 25ನ್ನೇ ಹಿಡಿದಿದ್ದೇನೆ. ಶನಿವಾರ ಒಂದು, ಭಾನುವಾರ ಒಂದು. ಒಂದು ಬಾಟಲಿಯಲ್ಲಿ 28 ಅಳತೆ, ಹಾಗಾಗಿ ಮೂರು ತಿಂಗಳಿಗೆ ಮೇಲೆ ಬರುತ್ತದೆ. ಲೋಟ ಮೇಲಕ್ಕೆ ಹೋಗುತ್ತಾ ಕಿರಿದಾಗಬೇಕು. ಗ್ಲೆನ್‌ಕೇರ್ನ್ ಅಂತ ಸಿಗುತ್ತದೆ, ಒಂದು ಸಾಕು. ಮೂಗನ್ನು ಪೂರ್ತಿ ಒಳಗೆ ತೂರಿಸಬೇಡಿ, ಬಾಯಿ ಸ್ವಲ್ಪ ತೆರೆದುಕೊಂಡು ಮೂಸಿ. ಹತ್ತು ನಿಮಿಷ ಹಾಗೇ, ಆಮೇಲೆ ಕಾಲು ಚಮಚ ನೀರು. ಅಬರ್ಡೀನಿನ ನಲ್ಲಿಯಲ್ಲಿ ಬರುವುದು ಡೀ ನದಿಯ ಮೆದು ನೀರು, ಅದೇ ಸಾಕು. ನೀರು ಬಿದ್ದ ಕೂಡಲೇ ನಿಂಬೆ ಹಿಂದಕ್ಕೆ ಸರಿದು ವೆನಿಲ್ಲಾ ಮುಂದೆ ಬರುತ್ತದೆ. ಐಸ್ ಬೇಡ, ಪರಿಮಳ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಸೋಡಾ ಮತ್ತು ನಿಂಬೆ ಹೋಳು ಹಾಕಿ ಕುಡಿಯಬಹುದು, ಬೆಲೆ ಕಡಿಮೆ ಇರುವುದರಿಂದ ಮನಸ್ಸಿಗೆ ನೋವಾಗುವುದಿಲ್ಲ. ಜೊತೆಗೆ ಕಾಂಗ್ರೆಸ್ ಕಡ್ಲೆಬೀಜ ಮಾತ್ರ ಇಟ್ಟುಕೊಳ್ಳಬೇಡಿ. ಆ ಖಾರದ ಮುಂದೆ ಈ ವಿಸ್ಕಿ ಉಳಿಯುವುದಿಲ್ಲ. ಉಪ್ಪಿಲ್ಲದ ಗೋಡಂಬಿ ಚೆನ್ನಾಗಿ ಹೊಂದುತ್ತದೆ.

ಒಂದೇ ವಿಸ್ಕಿಯ ಜೊತೆ ಇಷ್ಟು ದಿನ ಇದ್ದದ್ದರಿಂದ ತಿಳಿದ ಒಂದು ಸಂಗತಿ: ಬಾಟಲಿಯೂ ಬದಲಾಗುತ್ತದೆ. ತೆರೆದ ದಿನ ಸ್ವಲ್ಪ ಚುರುಕು. ಎರಡು ವಾರದಲ್ಲಿ ಮೆದುವಾಗುತ್ತದೆ. ಕೊನೆಯ ಕಾಲು ಭಾಗವನ್ನು ತಿಂಗಳುಗಟ್ಟಲೆ ಸುಮ್ನೆ ಬಿಟ್ಟರೆ ಗಾಳಿಯಾಡಿ ಸಪ್ಪೆ. ಈಗ ನಾನು ಅದನ್ನು ಸಣ್ಣ ಶೀಷೆಗೆ ತುಂಬಿಡುತ್ತೇನೆ. ಬಾಟಲಿ ನೆಟ್ಟಗೆ ನಿಂತಿರಲಿ, ಬಿಸಿಲು ಬೀಳದ ಕಡೆ.

ಗ್ಲೆನ್‌ಫಿಡಿಕ್ 12, ಗ್ಲೆನ್‌ಲಿವೆಟ್ 12 ಎರಡನ್ನೂ ನಡುನಡುವೆ ತಂದಿದ್ದೆ. ಒಳ್ಳೆಯವೇ, ಆದರೆ ಹೊಸ ನಾಲಿಗೆಗೆ ಆ ಜಾಸ್ತಿ ದುಡ್ಡಿನಷ್ಟು ವ್ಯತ್ಯಾಸ ಗೊತ್ತಾಗುವುದು ಕಷ್ಟ. ಗ್ಲೆನ್ ಮರಿಯ ನಂತರ ಒಂದು ಮೆಟ್ಟಿಲು ಹತ್ತುವುದಾದರೆ ನನ್ನ ಆಯ್ಕೆ ಡೀನ್‌ಸ್ಟನ್ 12. ಶೇ. 46.3ರ ಬಲ, ಚಿಲ್ ಫಿಲ್ಟರ್ (ತಣ್ಣಗೆ ಮಾಡಿ ಸೋಸುವುದು) ಮಾಡಿಲ್ಲ, ಬಾಯಲ್ಲಿ ಜೇನಿನ ಮಂದ. ಟೀತ್ ನದಿಯ ದಡದ ಹಳೇ ಹತ್ತಿ ಗಿರಣಿಯೊಂದು 1960ರ ದಶಕದಲ್ಲಿ ಡಿಸ್ಟಿಲರಿಯಾದದ್ದು ಅದು. ದಾವಣಗೆರೆಯವನಾದ ನನಗೆ ಹತ್ತಿ ಗಿರಣಿ ಅಂದ ಕೂಡಲೇ ಅದರ ಮೇಲೆ ಪ್ರೀತಿ ಹುಟ್ಟಿತು.

ಹೋದ ವರ್ಷ ಊರಿಗೆ ಹೋಗುವಾಗ ಭಾವನಿಗೆ ಒಂದು ಕ್ಲಾಸಿಕ್ ಒಯ್ದಿದ್ದೆ. ಸೋಡಾ ಬಾಟಲಿ ತೆಗೆಯಲು ಎದ್ದವರನ್ನು, “ಭಾವ, ಒಂದ್ಸಲ ಹಾಗೇ ಮೂಸಿ ನೋಡಿ” ಅಂತ ಕೂರಿಸಿದೆ. ಅವರು ಲೋಟ ಹಿಡಿದು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, “ಇದ್ರಲ್ಲಿ ಕೊಬ್ಬರಿ ಮಿಠಾಯಿ ವಾಸನೆ ಬರ್ತಿದೆ ಅಲ್ವೇನೋ?” ಅಂದರು. ಎರಡು ವರ್ಷ ಕುಡಿದರೂ ನನ್ನ ಮೂಗಿಗೆ ಅದು ಸಿಕ್ಕಿರಲಿಲ್ಲ. ಓಕ್ ಮರದ ಒಂದು ಅಂಶಕ್ಕೆ ತೆಂಗಿನಕಾಯಿ ಪರಿಮಳ ಇರುವುದು ನಿಜ. ಈಗ ಪ್ರತಿ ಸಲವೂ ನನಗೆ ಮೊದಲು ಬರುವುದು ಅದೇ.

ಈ ಡಿಸೆಂಬರಿಗೆ ಮೂರು ಬಾಟಲಿ ಬೇಕು ಅಂದಿದ್ದಾರೆ. ಭಾರತಕ್ಕೆ ಸುಂಕವಿಲ್ಲದೆ ಒಯ್ಯಬಹುದಾದದ್ದು ಎರಡು ಲೀಟರ್, 700 ಮಿಲಿಯ ಮೂರು ಬಾಟಲಿ ಸೇರಿದರೆ 2.1 ಲೀಟರ್ ಆಗುತ್ತದೆ. ಹಾಗಾಗಿ ಎರಡೇ ತರುತ್ತೇನೆ, ಒಂದು ಕ್ಲಾಸಿಕ್, ಇನ್ನೊಂದು ಡೀನ್‌ಸ್ಟನ್.