ದಿನಕ್ಕೊಂದು ಫೋಟೋನಾ, ಒಂದೇ ಮರದ ಫೋಟೋನಾ?

ವರ್ಷಪೂರ್ತಿ ಫೋಟೋ ಪ್ರಾಜೆಕ್ಟ್ ಮಾಡ್ಬೇಕು ಅನ್ನೋರಿಗೆ ಮುಖ್ಯವಾಗಿ ಎರಡು ದಾರಿ, ದಿನಕ್ಕೊಂದರಂತೆ 365 ತೆಗೆಯೋದು, ಇಲ್ಲಾಂದ್ರೆ ಒಂದೇ ಮರದ ಹತ್ರ ವಾರಕ್ಕೊಮ್ಮೆ ಹೋಗಿ 52 ತೆಗೆಯೋದು.

ದಿನಕ್ಕೊಂದು ಅಂದ್ರೆ ಕೈ ಚೆನ್ನಾಗಿ ಪಳಗುತ್ತೆ, ಅಡುಗೆಮನೆ ಬೆಳಕು, ಒಣಗೋಕೆ ಹಾಕಿದ ಬಟ್ಟೆ, ಏನ್ ಸಿಕ್ರೂ ನಡೆಯುತ್ತೆ, ಫೋನ್ ಸಾಕು. ಆದ್ರೆ ಒಂದಿನ ತಪ್ಪಿದ್ರೆ ಪೂರ್ತಿ ಬಿಟ್ಟೇಬಿಡೋಣ ಅನ್ಸುತ್ತೆ.

ಮರದ್ದು ನಿಧಾನ. ಮೊದಲ ಹತ್ತು ಫೋಟೋ ಒಂದೇ ಥರ ಕಾಣುತ್ತೆ, ಆಮೇಲೆ ಚಿಗುರು, ಹೂವು, ಉದುರಿದ ಎಲೆ, ಅದೇ ಹೊತ್ತಲ್ಲಿ ತೆಗೆದ್ರೂ ಉದ್ದ ಬದಲಾಗಿರೋ ನೆರಳು, ಒಂದೊಂದೇ ಕಣ್ಣಿಗೆ ಬೀಳ್ತಾ ಹೋಗುತ್ತೆ, ಆ ಖುಷಿನೇ ಬೇರೆ! ನಿಲ್ಲೋ ಜಾಗ, ಲೆನ್ಸಿನ ಫೋಕಲ್ ಲೆಂತ್ (ಅಂದ್ರೆ ಎಷ್ಟು ಜೂಮ್ ಅನ್ನೋದು), ಹೊತ್ತು ಈ ಮೂರನ್ನ ಬದಲಾಯಿಸ್ಬೇಡಿ, ಹಿಂದಿನ ವಾರದ ಫೋಟೋ ಎದುರಿಗಿಟ್ಕೊಂಡೇ ಫ್ರೇಮ್ ಹೊಂದಿಸಿ. ಜೋಸೆಫ್ ಸುಡೆಕ್ ಅನ್ನೋ ಫೋಟೋಗ್ರಾಫರ್ 1940ರಿಂದ 1954ರವರೆಗೆ ಪ್ರಾಗ್‌ನ ತಮ್ಮ ಸ್ಟುಡಿಯೋ ಕಿಟಕಿನ ಮತ್ತೆ ಮತ್ತೆ ತೆಗೆದ್ರು, ಮಂಜು ಹಿಡಿದ ಗಾಜು, ಅದರಾಚೆ ಒಂದು ಮರ, ಅಷ್ಟೇ.

ಕ್ಯಾಮೆರಾ ನಿಮಗೆ ಹೊಸದಾದ್ರೆ ದಿನಕ್ಕೊಂದು ಶುರುಮಾಡಿ, ಮೂರು ತಿಂಗಳಿಗಾದ್ರೂ ಸರಿ. ಸೆಟ್ಟಿಂಗ್ಸ್ ಈಗಾಗ್ಲೇ ಗೊತ್ತಿದ್ರೆ ನಾನಂತೂ ಮರಾನೇ ಹೇಳೋದು. ಎರಡರಲ್ಲಿ ಯಾವುದನ್ನ ಆರಿಸಿದ್ರೂ ಫೈಲಿಗೆ ತಾರೀಖಿನ ಹೆಸರಿಟ್ಟು ಎರಡು ಕಡೆ ಕಾಪಿ ಇಟ್ಕೊಳ್ಳಿ.